ವರ್ಡ್ ಟೆಂಪ್ಲೇಟಿನ ಖಾಲಿ ಜಾಗಗಳನ್ನು ಬಳಕೆದಾರರಿಂದ ತುಂಬಿಸುವುದು ಹೇಗೆ?

ಪ್ರಶ್ನೆ: ನಮ್ಮ ಸಂಸ್ಥೆಯ ನೇಮಕಾತಿ ಪತ್ರಗಳಿಗಾಗಿ ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಒಂದು ಟೆಂಪ್ಲೇಟ್ ಸಿದ್ಧಪಡಿಸಿದ್ದೇನೆ. ಅಭ್ಯರ್ಥಿಯ ಹೆಸರು, ಹುದ್ದೆ, ಕೆಲಸಕ್ಕೆ ಸೇರುವ ದಿನಾಂಕ ಮತ್ತು ಪತ್ರದ ಸಂಖ್ಯೆಯನ್ನು ಯಾರೂ ಮರೆಯಬಾರದೆಂದು ಆ ಜಾಗಗಳಲ್ಲಿ ಫಿಲ್‌ಇನ್ ಫೀಲ್ಡ್‌ಗಳನ್ನು ಹಾಕಿದೆ. ಆರಂಭದಲ್ಲಿ ಎಲ್ಲವೂ ಸರಿಯಾಗಿತ್ತು. ಈಗ ಕೆಲವರ ಕಂಪ್ಯೂಟರಿನಲ್ಲಿ ಪ್ರಶ್ನೆಯೇ ಬರುವುದಿಲ್ಲ, ಕೆಲವರಿಗೆ ಪ್ರಿಂಟ್ ಕೊಡುವಾಗ ಅದೇ ಪ್ರಶ್ನೆಗಳು ಮತ್ತೆ ಎದುರಾಗುತ್ತವೆ. ಹೆಸರು ಮೂರು ಕಡೆ ಬರುವುದರಿಂದ ಮೂರು ಸಲ ಟೈಪ್ ಮಾಡಬೇಕೆಂಬ ದೂರೂ ಇದೆ. ಪರೀಕ್ಷೆಗೆಂದು ನಾನು ಹಾಕಿದ್ದ ಹೆಸರೇ ಒಂದು ಪತ್ರದಲ್ಲಿ ಉಳಿದು ಹೊರಗೆ ಹೋಯಿತು. ಮ್ಯಾಕ್ರೋ, ಅಂದರೆ ವರ್ಡ್ ಒಳಗೆ ಓಡುವ ಸಣ್ಣ ಪ್ರೋಗ್ರಾಂ, ಬರೆಸದೆ ಬೇರೆ ದಾರಿಯಿಲ್ಲ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ನನಗೆ ಪ್ರೋಗ್ರಾಮಿಂಗ್ ಗೊತ್ತಿಲ್ಲ. ನಮ್ಮ ಪತ್ರಗಳೆಲ್ಲ ಕನ್ನಡದಲ್ಲಿವೆ. ಟೆಂಪ್ಲೇಟನ್ನು ಸರಿಪಡಿಸಿದರೆ ಈಗಾಗಲೇ ಇರುವ ಕಡತಗಳೂ ಸರಿಯಾಗುತ್ತವೆಯೇ ಎಂಬುದನ್ನೂ ತಿಳಿಸಿ.

ಉತ್ತರ: ನೀವು ಬರೆದಿರುವ ದೂರುಗಳು ನಾಲ್ಕು ಬೇರೆ ಬೇರೆ ದೋಷಗಳಂತೆ ಕಂಡರೂ ಅವುಗಳ ಮೂಲ ಹೆಚ್ಚುಕಡಿಮೆ ಒಂದೇ. ಫೀಲ್ಡ್ ಎಂದರೆ ತನ್ನಷ್ಟಕ್ಕೆ ಎಚ್ಚರವಾಗಿದ್ದು ಬಳಕೆದಾರನನ್ನು ಗಮನಿಸುತ್ತಿರುವ ವಸ್ತು ಎಂಬ ಭಾವನೆ ಟೆಂಪ್ಲೇಟ್ ಮಾಡುವ ಬಹುತೇಕರಲ್ಲಿದೆ. ವಾಸ್ತವದಲ್ಲಿ ಅದು ಒಂದು ಸೂಚನೆ ಮತ್ತು ಆ ಸೂಚನೆಯ ಕೊನೆಯ ಫಲಿತಾಂಶ, ಇವೆರಡರ ಜೋಡಿ ಮಾತ್ರ. ವರ್ಡ್ ಆ ಸೂಚನೆಯನ್ನು ಮತ್ತೊಮ್ಮೆ ನಡೆಸಿದಾಗ, ಅಂದರೆ ಫೀಲ್ಡ್ ಅಪ್‌ಡೇಟ್ ಆದಾಗ, ಫಲಿತಾಂಶ ಬದಲಾಗುತ್ತದೆ. ಉಳಿದ ಸಮಯದಲ್ಲಿ ಹಳೆಯ ಫಲಿತಾಂಶವೇ ಪುಟದ ಮೇಲೆ ಸಾಮಾನ್ಯ ಪಠ್ಯದಂತೆ ಕೂತಿರುತ್ತದೆ. ಫಿಲ್‌ಇನ್ ಫೀಲ್ಡಿನ ಸೂಚನೆ «ಬಳಕೆದಾರನನ್ನು ಕೇಳು» ಎಂಬುದಾದ್ದರಿಂದ, ಅಪ್‌ಡೇಟ್ ಆದಾಗಲೆಲ್ಲ ಅದು ಕೇಳುತ್ತದೆ, ಆಗದಿದ್ದಾಗ ಕೇಳುವುದಿಲ್ಲ. ನಿಮ್ಮ ದೂರುಗಳನ್ನು ಈ ಒಂದು ಮಾತಿನ ಬೆಳಕಿನಲ್ಲಿ ಮತ್ತೆ ಓದಿದರೆ ಅರ್ಧ ಭಾಗ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಮೊದಲಿಗೆ, ಪ್ರಶ್ನೆಯೇ ಬಾರದ ಕಂಪ್ಯೂಟರುಗಳು. ಟೆಂಪ್ಲೇಟಿನಿಂದ ಹೊಸ ಕಡತ ಹುಟ್ಟುವ ಕ್ಷಣದಲ್ಲಿ ಅದರ ಮುಖ್ಯ ಪಠ್ಯದಲ್ಲಿರುವ ಫಿಲ್‌ಇನ್ ಫೀಲ್ಡ್‌ಗಳನ್ನು ವರ್ಡ್ ತಾನೇ ನಡೆಸುತ್ತದೆ. ಆದರೆ ಈಗಾಗಲೇ ಇರುವ ಕಡತವನ್ನು ತೆರೆದಾಗ ಹಾಗೆ ಮಾಡುವುದಿಲ್ಲ. ಪ್ರಶ್ನೆ ಬರಲಿಲ್ಲ ಎನ್ನುವವರು ಬಹಳಮಟ್ಟಿಗೆ ಟೆಂಪ್ಲೇಟನ್ನು ಬಳಸಿಯೇ ಇರುವುದಿಲ್ಲ. ಕಳೆದ ಬಾರಿ ಮಾಡಿದ ಪತ್ರವನ್ನು ತೆರೆದು, ಬೇರೆ ಹೆಸರಿನಲ್ಲಿ ಉಳಿಸಿ, ಕಣ್ಣಿಗೆ ಬಿದ್ದಷ್ಟನ್ನು ತಿದ್ದಿರುತ್ತಾರೆ. ಇದು ಸೋಮಾರಿತನವೆಂದು ಬೈಯುವಂಥದ್ದಲ್ಲ. ಹಳೆಯ ಪತ್ರ ಕೈಗೆ ಸಿಗುವಷ್ಟು ಸುಲಭವಾಗಿ ಟೆಂಪ್ಲೇಟ್ ಸಿಗದಿದ್ದರೆ ಯಾರಾದರೂ ಹಾಗೆಯೇ ಮಾಡುತ್ತಾರೆ.

ಪರೀಕ್ಷೆಯ ಹೆಸರು ಉಳಿದುಕೊಂಡದ್ದೂ ಇದಕ್ಕೆ ಹತ್ತಿರದ ಸಂಗತಿಯೇ. ಡಿಒಟಿಎಕ್ಸ್ ಕಡತವನ್ನು, ಅಂದರೆ ಟೆಂಪ್ಲೇಟ್ ಕಡತವನ್ನು, ಫೋಲ್ಡರಿನಲ್ಲಿ ಎರಡು ಬಾರಿ ಕ್ಲಿಕ್ ಮಾಡಿದರೆ ಅದರ ಆಧಾರದ ಮೇಲೆ ಹೊಸ ಕಡತ ಹುಟ್ಟುತ್ತದೆ. ಅದೇ ಕಡತವನ್ನು ವರ್ಡ್‌ನ ಫೈಲ್ ಮೆನುವಿನ ಓಪನ್ ಮೂಲಕ ತೆರೆದರೆ ಟೆಂಪ್ಲೇಟೇ ತೆರೆದುಕೊಳ್ಳುತ್ತದೆ. ಹಾಗೆ ತೆರೆದಾಗ ಫೀಲ್ಡ್ ಅಪ್‌ಡೇಟ್ ಮಾಡುವ ಎಫ್9 ಕೀಲಿಯನ್ನು ಒತ್ತಿ, ಪ್ರಶ್ನೆಗೆ ಉತ್ತರ ಕೊಟ್ಟು ಉಳಿಸಿದರೆ ಆ ಉತ್ತರ ಟೆಂಪ್ಲೇಟಿನೊಳಗೆ ಸೇರಿಬಿಡುತ್ತದೆ. ಫಿಲ್‌ಇನ್‌ನಲ್ಲಿ ಪೂರ್ವನಿಯೋಜಿತ ಉತ್ತರವನ್ನು ಪ್ರತ್ಯೇಕವಾಗಿ ಹೇಳಿರದಿದ್ದರೆ ವರ್ಡ್ ಹಿಂದಿನ ಉತ್ತರವನ್ನೇ ಪೆಟ್ಟಿಗೆಯಲ್ಲಿ ತೋರಿಸುತ್ತದೆ. ಅವಸರದಲ್ಲಿರುವವರು ಅದನ್ನು ಓದದೆ ಓಕೆ ಒತ್ತುತ್ತಾರೆ. ಸದ್ಯಕ್ಕೆ ಫಿಲ್‌ಇನ್ ಅನ್ನೇ ಮುಂದುವರಿಸುವುದಾದರೆ ಆಲ್ಟ್ ಮತ್ತು ಎಫ್9 ಒಟ್ಟಿಗೆ ಒತ್ತಿ ಫೀಲ್ಡಿನ ಒಳಗಿನ ಸೂಚನೆಯನ್ನು ಕಾಣುವಂತೆ ಮಾಡಿಕೊಳ್ಳಿ. ಪ್ರಶ್ನೆಯ ಮುಂದೆ ಬ್ಯಾಕ್‌ಸ್ಲ್ಯಾಶ್ ಮತ್ತು ಇಂಗ್ಲಿಷಿನ ಸಣ್ಣ ಡಿ ಅಕ್ಷರ ಹಾಕಿ, ಅದರ ಮುಂದೆ ಉದ್ಧರಣ ಚಿಹ್ನೆಗಳೊಳಗೆ «ಹೆಸರು ತುಂಬಿಲ್ಲ» ಎಂಬಂಥ ಎದ್ದುಕಾಣುವ ಮಾತನ್ನು ಬರೆಯಿರಿ. ಖಾಲಿ ಉದ್ಧರಣ ಚಿಹ್ನೆಯನ್ನೂ ಹಾಕಬಹುದು, ಆದರೆ ಖಾಲಿ ಜಾಗ ಯಾರ ಗಮನಕ್ಕೂ ಬಾರದೆ ಜಾರಿಹೋಗುತ್ತದೆ. ತಪ್ಪಾದ ಪದವಾದರೆ ಓದುವವರನ್ನು ತಡೆದು ನಿಲ್ಲಿಸುತ್ತದೆ. ಜೊತೆಗೆ ಟೆಂಪ್ಲೇಟ್ ಕಡತವನ್ನು ಓದಲು ಮಾತ್ರ ಎಂದು ಗುರುತಿಸಿ ಇಟ್ಟರೆ ಯಾರೂ ಅರಿಯದೆ ಅದರೊಳಗೆ ಉಳಿಸುವುದು ತಪ್ಪುತ್ತದೆ.

ಪ್ರಿಂಟ್ ಮಾಡುವಾಗ ಮತ್ತೆ ಕೇಳುವುದಕ್ಕೆ ಕಾರಣ ವರ್ಡ್‌ನ ಆಯ್ಕೆಗಳಲ್ಲಿ ಡಿಸ್‌ಪ್ಲೇ ಎಂಬ ಪುಟದಲ್ಲಿದೆ. ಪ್ರಿಂಟ್‌ಗೆ ಮುನ್ನ ಫೀಲ್ಡ್‌ಗಳನ್ನು ಅಪ್‌ಡೇಟ್ ಮಾಡು ಎಂಬ ಗುರುತು ಅಲ್ಲಿ ಹಾಕಿದ್ದರೆ ಫಿಲ್‌ಇನ್‌ಗಳೂ ಅಪ್‌ಡೇಟ್ ಆಗುತ್ತವೆ, ಆದ್ದರಿಂದ ಮತ್ತೆ ಕೇಳುತ್ತವೆ. ಈ ಆಯ್ಕೆ ಕಡತಕ್ಕೆ ಸೇರಿದ್ದಲ್ಲ, ಆಯಾ ಕಂಪ್ಯೂಟರಿಗೆ ಸೇರಿದ್ದು. ಕೆಲವರಿಗೆ ಮಾತ್ರ ಈ ತೊಂದರೆ ಆಗುತ್ತಿರುವುದು ಅದಕ್ಕೇ. ಗುರುತನ್ನು ತೆಗೆದರೆ ಪ್ರಶ್ನೆಗಳು ನಿಲ್ಲುತ್ತವೆ, ಆದರೆ ಪರಿವಿಡಿ ಮತ್ತು ಅಡ್ಡ ಉಲ್ಲೇಖಗಳೂ ಹಳತಾಗಿಯೇ ಪ್ರಿಂಟ್ ಆಗುತ್ತವೆ. ತುಂಬಿದ ಮೇಲೆ ಫೀಲ್ಡನ್ನು ಆರಿಸಿ ಕಂಟ್ರೋಲ್ ಮತ್ತು ಎಫ್11 ಒತ್ತಿದರೆ ಅದು ಬೀಗ ಹಾಕಿದಂತಾಗಿ ಮತ್ತೆ ಕೇಳುವುದಿಲ್ಲ; ಕಂಟ್ರೋಲ್, ಶಿಫ್ಟ್ ಮತ್ತು ಎಫ್9 ಒತ್ತಿದರೆ ಫೀಲ್ಡ್ ಅಳಿದು ಸಾಮಾನ್ಯ ಪಠ್ಯವಾಗುತ್ತದೆ. ಈ ಎರಡೂ ಬಳಕೆದಾರರು ನೆನಪಿಟ್ಟುಕೊಂಡು ಮಾಡಬೇಕಾದ ಕೆಲಸಗಳಾದ್ದರಿಂದ, ಮರೆವಿನಿಂದ ಪಾರಾಗಲು ಕಟ್ಟಿದ ವ್ಯವಸ್ಥೆಗೆ ಅಷ್ಟಾಗಿ ಒಗ್ಗುವುದಿಲ್ಲ. ನಿಮ್ಮಲ್ಲಿ ಯಾರಾದರೂ ಲಿಬ್ರೆ ಆಫೀಸ್ ರೈಟರ್ ಬಳಸುತ್ತಿದ್ದರೆ ಅವರಿಗೆ ಒಂದು ಎಚ್ಚರಿಕೆ: ವರ್ಡ್‌ನಲ್ಲಿ ಫೀಲ್ಡ್‌ಗಳನ್ನು ಅಳಿಸಿಹಾಕುವ ಈ ಕಂಟ್ರೋಲ್, ಶಿಫ್ಟ್, ಎಫ್9 ಜೋಡಣೆಯೇ ರೈಟರ್‌ನಲ್ಲಿ ಇನ್‌ಪುಟ್ ಫೀಲ್ಡ್‌ಗಳ ಪ್ರಶ್ನೆಗಳನ್ನು ಒಂದಾದ ಮೇಲೊಂದರಂತೆ ತೆರೆಯುತ್ತದೆ. ಅಲ್ಲಿ ರೂಢಿಯಾದ ಬೆರಳು ಇಲ್ಲಿ ನಷ್ಟ ಮಾಡಬಲ್ಲದು.

ಒಂದೇ ಹೆಸರನ್ನು ಮೂರು ಸಲ ಕೇಳುವುದು ಮಾತ್ರ ಬೇರೆ ಬಗೆಯ ತೊಂದರೆ. ಫಿಲ್‌ಇನ್ ತಾನು ಪಡೆದ ಉತ್ತರವನ್ನು ತನ್ನ ಜಾಗದಲ್ಲಿ ತೋರಿಸುತ್ತದೆಯೇ ಹೊರತು ಬೇರೆಲ್ಲಿಯೂ ಇಟ್ಟುಕೊಳ್ಳುವುದಿಲ್ಲ. ಇದಕ್ಕೆ ವರ್ಡ್‌ನ ಹಳೆಯ ಪರಿಹಾರ ಆಸ್ಕ್ ಫೀಲ್ಡ್: ಅದು ಕೇಳಿ ಪಡೆದ ಉತ್ತರವನ್ನು ಒಂದು ಬುಕ್‌ಮಾರ್ಕಿನಲ್ಲಿ, ಅಂದರೆ ಕಡತದೊಳಗೆ ಹೆಸರಿಟ್ಟ ಗುರುತಿನಲ್ಲಿ, ಇಡುತ್ತದೆ, ಪುಟದಲ್ಲಿ ತಾನು ಏನನ್ನೂ ತೋರಿಸುವುದಿಲ್ಲ, ಹೆಸರು ಬೇಕಾದಲ್ಲೆಲ್ಲ ಆ ಬುಕ್‌ಮಾರ್ಕನ್ನು ಕರೆಯುವ ರೆಫ್ ಫೀಲ್ಡ್ ಹಾಕಬೇಕು. ಕೇಳುವುದು ಒಂದು ಸಲಕ್ಕೆ ಇಳಿಯುತ್ತದೆ ಎಂಬುದು ನಿಜ. ಆದರೆ ರೆಫ್ ಫೀಲ್ಡ್‌ಗಳನ್ನು ಮತ್ತೆ ಅಪ್‌ಡೇಟ್ ಮಾಡಬೇಕು, ಅದಕ್ಕಾಗಿ ಇಡೀ ಪಠ್ಯವನ್ನು ಆರಿಸಿ ಎಫ್9 ಒತ್ತಿದರೆ ಆಸ್ಕ್ ಕೂಡ ಮತ್ತೆ ಕೇಳುತ್ತದೆ, ಮತ್ತು ಹಾಗೆ ಆರಿಸುವುದರಿಂದ ಹೆಡರ್, ಫುಟರ್‌ಗಳೊಳಗಿನ ಫೀಲ್ಡ್‌ಗಳು ಒಳಪಡುವುದಿಲ್ಲ. ಮೊದಲ ಪುಟದಲ್ಲಿ ಹೊಸ ಹೆಸರು, ಎರಡನೆಯ ಪುಟದ ಹೆಡರಿನಲ್ಲಿ ಹಳೆಯ ಹೆಸರು ಇರುವ ಪತ್ರಗಳನ್ನು ವೃತ್ತಿಯಲ್ಲಿ ಸಾಕಷ್ಟು ನೋಡಿದ್ದೇನೆ. ಕಾರಣ ಸಾಮಾನ್ಯವಾಗಿ ಇದೇ.

ಇಷ್ಟೆಲ್ಲ ತಾಂತ್ರಿಕ ಕಾರಣಗಳಿಗಿಂತ ಹೆಚ್ಚಾಗಿ ನನಗೆ ಈ ಪ್ರಶ್ನೆ ಪೆಟ್ಟಿಗೆಗಳ ವಿಷಯದಲ್ಲಿರುವ ಆಕ್ಷೇಪ ಇನ್ನೊಂದು. ಪೆಟ್ಟಿಗೆ ತೆರೆದಿರುವಷ್ಟು ಹೊತ್ತು ಬಳಕೆದಾರರು ಪತ್ರದೊಳಗೆ ಓಡಾಡುವಂತಿಲ್ಲ, ಯಾವ ವಾಕ್ಯಕ್ಕಾಗಿ ಈ ಉತ್ತರ ಎಂಬುದು ಅವರಿಗೆ ತಿಳಿಯುವುದಿಲ್ಲ, ಹಿಂದಿನ ಪ್ರಶ್ನೆಗೆ ಮರಳುವ ಗುಂಡಿಯಿಲ್ಲ, ಮತ್ತು ಕೈಯಲ್ಲಿ ಆ ವಿವರ ಇಲ್ಲದಿದ್ದರೆ ಕ್ಯಾನ್ಸಲ್ ಒತ್ತುವುದರ ಹೊರತು ಮಾರ್ಗವಿಲ್ಲ. ಕ್ಯಾನ್ಸಲ್ ಒತ್ತಿದಾಗ ಫೀಲ್ಡಿನಲ್ಲಿ ಮೊದಲು ಇದ್ದದ್ದೇ ಉಳಿಯುತ್ತದೆ. ಎರಡು ಪ್ರಶ್ನೆಗಳವರೆಗೆ ಜನ ಸಹಿಸಿಕೊಳ್ಳುತ್ತಾರೆ, ಅದಕ್ಕಿಂತ ಹೆಚ್ಚಾದರೆ ಓದುವುದನ್ನು ನಿಲ್ಲಿಸಿ ಎಂಟರ್ ಒತ್ತುತ್ತಾ ಹೋಗುತ್ತಾರೆ.

ಆದ್ದರಿಂದ ನಿಮ್ಮ ಪತ್ರಕ್ಕೆ ನನ್ನ ಸಲಹೆ ಕಂಟೆಂಟ್ ಕಂಟ್ರೋಲ್‌ಗಳು. ಇವು ವರ್ಡ್ 2007ರಲ್ಲಿ ಬಂದವು. ಟಿಕ್ ಹಾಕುವ ಚೌಕ 2010ರಲ್ಲಿ ಸೇರಿತು. ಪ್ರಶ್ನೆ ಪೆಟ್ಟಿಗೆಯಾಗಿ ಹಾರಿಬರುವ ಬದಲು ತುಂಬಬೇಕಾದ ಜಾಗದಲ್ಲಿಯೇ ಕೂತಿರುತ್ತದೆ. ಅಲ್ಲಿ ಕ್ಲಿಕ್ ಮಾಡಿ ಟೈಪ್ ಮಾಡಿದೊಡನೆ ಸೂಚನೆ ಮಾಯವಾಗಿ ಉತ್ತರ ಉಳಿಯುತ್ತದೆ. ಇದಕ್ಕೂ ಹಿಂದೆ ಮ್ಯಾಕ್ರೋಬಟನ್ ಎಂಬ ಫೀಲ್ಡಿಗೆ ಅಸ್ತಿತ್ವದಲ್ಲಿಲ್ಲದ ಮ್ಯಾಕ್ರೋದ ಹೆಸರು ಕೊಟ್ಟು «ಇಲ್ಲಿ ಕ್ಲಿಕ್ ಮಾಡಿ ಬರೆಯಿರಿ» ಎಂದು ಬರೆಸುವ ಜಾಣ ಉಪಾಯವೊಂದು ಚಾಲ್ತಿಯಲ್ಲಿತ್ತು, ಹಳೆಯ ಟೆಂಪ್ಲೇಟ್‌ಗಳಲ್ಲಿ ಅದನ್ನು ಈಗಲೂ ಕಾಣಬಹುದು. ಹೊಸದಾಗಿ ಮಾಡುವವರು ಅದನ್ನು ಬಳಸಬೇಕಾದ ಕಾರಣವಿಲ್ಲ.

ಕಂಟೆಂಟ್ ಕಂಟ್ರೋಲ್ ಸೇರಿಸಲು ವರ್ಡ್‌ನ ಆಯ್ಕೆಗಳಲ್ಲಿ ರಿಬ್ಬನ್ ಹೊಂದಿಸುವ ಪುಟಕ್ಕೆ ಹೋಗಿ ಡೆವಲಪರ್ ಟ್ಯಾಬನ್ನು ಕಾಣುವಂತೆ ಮಾಡಬೇಕು. ಹೆಸರಿನಂಥವಕ್ಕೆ ಸರಳ ಪಠ್ಯದ ಕಂಟ್ರೋಲ್, ದಿನಾಂಕಕ್ಕೆ ಕ್ಯಾಲೆಂಡರ್ ತೆರೆಯುವ ಕಂಟ್ರೋಲ್, ಹುದ್ದೆಗೆ ಡ್ರಾಪ್‌ಡೌನ್ ಪಟ್ಟಿ ಸಾಕು. ಪಟ್ಟಿಯಿದ್ದಲ್ಲಿ ಕಾಗುಣಿತದ ಗೊಂದಲವೇ ಇರುವುದಿಲ್ಲ. ಪಟ್ಟಿಯಲ್ಲಿಲ್ಲದ್ದನ್ನೂ ಬರೆಯಲು ಅವಕಾಶ ಬೇಕಾದರೆ ಡ್ರಾಪ್‌ಡೌನ್ ಬದಲು ಕಾಂಬೋ ಬಾಕ್ಸ್ ಆರಿಸಿ. ಡಿಸೈನ್ ಮೋಡ್ ಒತ್ತಿದರೆ ಪ್ರತಿಯೊಂದರ ಸೂಚನೆಯ ಪಠ್ಯವನ್ನು ನಿಮ್ಮ ಮಾತಿನಲ್ಲಿ ಬರೆಯಬಹುದು. «ಹೆಸರು» ಎಂದಷ್ಟೇ ಬರೆಯಬೇಡಿ. «ಅಭ್ಯರ್ಥಿಯ ಪೂರ್ಣ ಹೆಸರು, ಗುರುತಿನ ಚೀಟಿಯಲ್ಲಿ ಇರುವಂತೆ» ಎಂದು ಬರೆದರೆ ಒಂದು ದೂರವಾಣಿ ಕರೆ ಉಳಿಯುತ್ತದೆ. ಕಂಟ್ರೋಲ್‌ನ ಪ್ರಾಪರ್ಟೀಸ್‌ನಲ್ಲಿ ಅದನ್ನು ಅಳಿಸಲಾಗದಂತೆ ಮಾಡುವ ಗುರುತು ಇದೆ, ಅದನ್ನು ಹಾಕಿ.

ಮೂರು ಕಡೆ ಬರುವ ಹೆಸರಿಗೆ ಇನ್ನೂ ಸೊಗಸಾದ ಏರ್ಪಾಟು ಇದೆ. ಇನ್ಸರ್ಟ್ ಟ್ಯಾಬಿನ ಕ್ವಿಕ್ ಪಾರ್ಟ್ಸ್‌ನಲ್ಲಿ ಡಾಕ್ಯುಮೆಂಟ್ ಪ್ರಾಪರ್ಟಿ ಎಂಬ ಪಟ್ಟಿ ಸಿಗುತ್ತದೆ. ಶೀರ್ಷಿಕೆ, ವಿಷಯ, ಸಂಸ್ಥೆ ಮುಂತಾದ ಕಡತದ ಗುಣಲಕ್ಷಣಗಳಿಗೆ ಬೆಸೆದ ಕಂಟ್ರೋಲ್‌ಗಳು ಅಲ್ಲಿವೆ. ಇವುಗಳಲ್ಲಿ ಒಂದನ್ನು, ಉದಾಹರಣೆಗೆ ವಿಷಯ ಎಂಬುದನ್ನು, ಅಭ್ಯರ್ಥಿಯ ಹೆಸರಿಗೆ ಮೀಸಲಿಟ್ಟು ಪತ್ರದ ಆರಂಭದಲ್ಲಿ, ಒಳಗಿನ ವಾಕ್ಯದಲ್ಲಿ ಮತ್ತು ಹೆಡರಿನಲ್ಲಿ ಹಾಕಿದರೆ, ಒಂದು ಕಡೆ ಬರೆದು ಹೊರಬಂದ ಕೂಡಲೇ ಉಳಿದ ಕಡೆಗಳಲ್ಲೂ ಅದೇ ಮೂಡುತ್ತದೆ. ಎಫ್9 ಒತ್ತುವ ಮಾತೇ ಇಲ್ಲ. ಲೇಖಕ ಎಂಬ ಗುಣಲಕ್ಷಣವನ್ನು ಮಾತ್ರ ಇದಕ್ಕೆ ಬಳಸಬೇಡಿ. ಅದನ್ನು ವರ್ಡ್ ತಾನೇ ತುಂಬಿಕೊಳ್ಳುತ್ತದೆ. ಈ ವಿಧಾನದ ಅಪಾಯಗಳೆರಡನ್ನು ತಿಳಿದಿರಿ: ಹೀಗೆ ಬರೆದದ್ದು ಕಡತದ ಗುಣಲಕ್ಷಣವಾಗಿಯೂ ಉಳಿಯುವುದರಿಂದ ಕಡತ ಪಡೆದವರು ಅದನ್ನು ಅಲ್ಲಿಯೂ ನೋಡಬಹುದು, ಮತ್ತು ಕಳುಹಿಸುವ ಮುನ್ನ ಡಾಕ್ಯುಮೆಂಟ್ ಇನ್‌ಸ್ಪೆಕ್ಟರ್‌ನಿಂದ ಗುಣಲಕ್ಷಣಗಳನ್ನು ತೆಗೆಸುವ ರೂಢಿ ಇದ್ದರೆ ಪತ್ರದೊಳಗಿನ ಹೆಸರೂ ಅಳಿಸಿಹೋಗಿ ಸೂಚನೆಯ ಪಠ್ಯ ಮರಳುತ್ತದೆ. ಸಂಬಳದಂಥ ಗೋಪ್ಯ ವಿವರವನ್ನು ಇಂಥ ಕಂಟ್ರೋಲ್‌ನಲ್ಲಿ ಹಾಕದೆ ಸಾಮಾನ್ಯ ಕಂಟ್ರೋಲ್‌ನಲ್ಲಿ ಇಡುವುದು ಲೇಸು.

ಇಲ್ಲಿ ಒಂದು ವ್ಯಾಪಕ ತಪ್ಪು ಕಲ್ಪನೆಯನ್ನು ತೆಗೆಯಬೇಕು. ಕಂಟೆಂಟ್ ಕಂಟ್ರೋಲ್‌ನ ಬೂದುಬಣ್ಣದ ಸೂಚನೆ ಪರದೆಗೆ ಮಾತ್ರ, ಪ್ರಿಂಟ್‌ನಲ್ಲಿ ಬರುವುದಿಲ್ಲ ಎಂದು ಹಲವರು ನಂಬಿದ್ದಾರೆ. ಅದು ಪ್ರಿಂಟ್ ಆಗುತ್ತದೆ. ನನ್ನ ಪ್ರಕಾರ ಇದು ದೋಷವಲ್ಲ, ಉಪಕಾರ. ತೊಂದರೆ ಇರುವುದು ಆ ತಿಳಿಬೂದು ಬಣ್ಣ ಕಾಗದದ ಮೇಲೆ ಕಣ್ಣಿಗೆ ಹೊಡೆಯುವಷ್ಟು ಗಾಢವಾಗಿಲ್ಲ ಎಂಬುದರಲ್ಲಿ. ಪ್ಲೇಸ್‌ಹೋಲ್ಡರ್ ಟೆಕ್ಸ್ಟ್ ಎಂಬ ಸ್ಟೈಲನ್ನು ಟೆಂಪ್ಲೇಟಿನಲ್ಲಿ ತಿದ್ದಿ ಕಡುಕೆಂಪು ಮಾಡಿ, ಹಿನ್ನೆಲೆಗೆ ಹಳದಿ ಛಾಯೆ ಕೊಡಿ. ತುಂಬದೆ ಬಿಟ್ಟ ಜಾಗ ಸಹಿ ಹಾಕುವವರ ಕಣ್ಣಿಗೆ ಬೀಳದಿರುವುದು ಆಗ ಕಷ್ಟ. ಕನ್ನಡ ಅಕ್ಷರಗಳ ಗಾತ್ರ ಅಥವಾ ದಪ್ಪ ಬದಲಾಗಲಿಲ್ಲವೆಂದರೆ ಫಾಂಟ್ ಪೆಟ್ಟಿಗೆಯಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಎಂಬ ಭಾಗವನ್ನೂ ತಿದ್ದಬೇಕು. ಭಾರತೀಯ ಲಿಪಿಗಳ ಅಳತೆಯನ್ನು ವರ್ಡ್ ಅಲ್ಲಿಂದ ಪಡೆಯುತ್ತದೆ.

ಕನ್ನಡದ ಪತ್ರವಾದ್ದರಿಂದ ವಾಕ್ಯ ಕಟ್ಟುವಲ್ಲಿಯೂ ಸ್ವಲ್ಪ ಯೋಚನೆ ಬೇಕು. ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದೆ, ಪದದ ಕೊನೆಯ ಅಕ್ಷರಕ್ಕೆ ತಕ್ಕಂತೆ ಬದಲಾಗುತ್ತದೆ. ಹುದ್ದೆಯ ಕಂಟ್ರೋಲ್‌ಗೆ ತಾಗಿಸಿ «ರಾಗಿ» ಎಂದು ಟೆಂಪ್ಲೇಟಿನಲ್ಲಿ ಬರೆದಿಟ್ಟರೆ ಮೇಲ್ವಿಚಾರಕ ಎಂಬುದಕ್ಕೆ ಹೊಂದುತ್ತದೆ, ಎಂಜಿನಿಯರ್ ಎಂಬುದಕ್ಕೆ ಹೊಂದುವುದಿಲ್ಲ. ಆಗ ತುಂಬುವವರು ಕಂಟ್ರೋಲ್‌ನ ಹೊರಗೂ ತಿದ್ದತೊಡಗುತ್ತಾರೆ. ತುಂಬುವ ಪದ ಬದಲಾಗದೆ ನಿಲ್ಲುವಂತೆ, ಪ್ರತ್ಯಯವನ್ನು ಹೊರುವ ಕೆಲಸವನ್ನು ಮುಂದಿನ ಪದಕ್ಕೆ ಬಿಡಿ: ಹುದ್ದೆಯ ಕಂಟ್ರೋಲ್ ಮುಂದೆ «ಹುದ್ದೆಗೆ», ಹೆಸರಿನ ಮುಂದೆ «ಅವರನ್ನು», ಊರಿನ ಮುಂದೆ «ಇಲ್ಲಿಗೆ» ಎಂದು ಬರೆದರೆ ಯಾವ ಉತ್ತರ ಬಂದರೂ ವಾಕ್ಯ ಕೆಡುವುದಿಲ್ಲ.

ಪತ್ರದ ದಿನಾಂಕವನ್ನು ಕೇಳುವ ಅಗತ್ಯವೇ ಇಲ್ಲದಿರಬಹುದು. ಡೇಟ್ ಫೀಲ್ಡ್ ಹಾಕಬೇಡಿ, ಅದು ಅಪ್‌ಡೇಟ್ ಆದ ದಿನದ ತಾರೀಖಿಗೆ ಬದಲಾಗುತ್ತದೆ. ತಿಂಗಳ ಹಿಂದಿನ ಪತ್ರ ಇಂದಿನ ದಿನಾಂಕ ಹೊತ್ತು ನಿಲ್ಲುತ್ತದೆ. ಕ್ರಿಯೇಟ್‌ಡೇಟ್ ಫೀಲ್ಡ್ ಕಡತ ಹುಟ್ಟಿದ ದಿನವನ್ನು ತೋರಿಸುತ್ತದೆ. ಪತ್ರ ಸಿದ್ಧಪಡಿಸಿದ ದಿನ ಮತ್ತು ಹೊರಡಿಸುವ ದಿನ ಬೇರೆಯಾಗುವ ಕಡೆ ಮಾತ್ರ ಕ್ಯಾಲೆಂಡರ್ ಕಂಟ್ರೋಲ್ ಸರಿ.

ಈಗ ಮ್ಯಾಕ್ರೋ ವಿಚಾರ. ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ಒಂದು ಸತ್ಯಾಂಶವಿದೆ: ನಾನು ಇದುವರೆಗೆ ಹೇಳಿದ ಯಾವುದೂ ತುಂಬುವುದನ್ನು ಕಡ್ಡಾಯ ಮಾಡುವುದಿಲ್ಲ. ಕಂಟೆಂಟ್ ಕಂಟ್ರೋಲ್ ಸೂಚಿಸುತ್ತದೆ, ತಡೆಯುವುದಿಲ್ಲ. ತುಂಬದೆ ಉಳಿದ ಕಂಟ್ರೋಲ್‌ಗಳನ್ನು ಹುಡುಕಿ, ಪ್ರಿಂಟ್ ಅಥವಾ ಉಳಿಸುವಿಕೆಯನ್ನು ನಿಲ್ಲಿಸಬೇಕಾದರೆ ಮ್ಯಾಕ್ರೋ ಬೇಕೇ ಬೇಕು. ಕಂಟ್ರೋಲ್ ಇನ್ನೂ ಸೂಚನೆಯ ಪಠ್ಯವನ್ನೇ ತೋರಿಸುತ್ತಿದೆಯೇ ಎಂದು ಮ್ಯಾಕ್ರೋ ನೇರವಾಗಿ ಕೇಳಿ ತಿಳಿಯಬಲ್ಲದು. ಆದರೆ ಅದರ ಬೆಲೆಯನ್ನೂ ಲೆಕ್ಕ ಹಾಕಿ. ಟೆಂಪ್ಲೇಟನ್ನು ಮ್ಯಾಕ್ರೋ ಹೊರಬಲ್ಲ ಡಿಒಟಿಎಂ ರೂಪದಲ್ಲಿ ಇಡಬೇಕಾಗುತ್ತದೆ. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಅಥವಾ ಇಮೇಲ್‌ನಲ್ಲಿ ಬಂದ ಆಫೀಸ್ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ಪೂರ್ವನಿಯೋಜಿತವಾಗಿಯೇ ತಡೆಯುತ್ತಿದೆ, ಆದ್ದರಿಂದ ವಿಶ್ವಾಸಾರ್ಹ ಸ್ಥಳವೆಂದು ಘೋಷಿಸಿದ ಫೋಲ್ಡರಿನಿಂದಲೇ ಎಲ್ಲರೂ ಬಳಸುವಂತೆ ನಿಮ್ಮ ಐಟಿ ವಿಭಾಗ ಏರ್ಪಾಟು ಮಾಡಬೇಕು. ವರ್ಡ್‌ನ ವೆಬ್ ಮತ್ತು ಮೊಬೈಲ್ ಆವೃತ್ತಿಗಳಲ್ಲಿ ಅದು ಓಡುವುದೇ ಇಲ್ಲ. ಮ್ಯಾಕ್ರೋ ಬರೆಯುವ ವಿಬಿಎ ಸಂಪಾದಕ ಯೂನಿಕೋಡ್ ಅರಿಯದ ಕಾಲದ್ದು. ಅದರೊಳಗೆ ಕನ್ನಡದ ಸಂದೇಶ ಬರೆದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಸಿಗುತ್ತದೆ. ಕನ್ನಡ ಸಂದೇಶಗಳನ್ನು ಅಕ್ಷರಗಳ ಸಂಖ್ಯಾಸಂಕೇತಗಳಿಂದ ಕಟ್ಟುವುದೋ, ಟೆಂಪ್ಲೇಟಿನಲ್ಲಿ ಅಡಗಿಸಿಟ್ಟ ಪಠ್ಯದಿಂದ ಓದಿಸುವುದೋ ಮಾಡಬೇಕಾಗುತ್ತದೆ. ಬರೆದವರು ಕೆಲಸ ಬಿಟ್ಟು ಹೋದ ಮೇಲೆ ಅದನ್ನು ತಿದ್ದುವವರು ಯಾರು ಎಂಬ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಿ. ಫಿಲ್‌ಇನ್ ಫೀಲ್ಡಿನ ಪ್ರಶ್ನೆಯಲ್ಲಿ ಈ ತೊಡಕಿಲ್ಲ, ಅದರಲ್ಲಿ ಕನ್ನಡ ನೇರವಾಗಿ ಬರುತ್ತದೆ. ಹೆಸರು ಬಿಟ್ಟುಹೋದರೆ ಕಾನೂನಿನ ತೊಡಕು ಬರುವಂಥ ಕಾಗದಪತ್ರವಾದರೆ ಇಷ್ಟೆಲ್ಲ ಮಾಡಬಹುದು. ಹೇಗೂ ಒಬ್ಬರು ಓದಿ ಸಹಿ ಹಾಕುವ ನೇಮಕಾತಿ ಪತ್ರಕ್ಕೆ ಕೆಂಪು ಸೂಚನೆಯೇ ಸಾಕು ಎಂಬುದು ನನ್ನ ಅಭಿಪ್ರಾಯ.

ರಿಸ್ಟ್ರಿಕ್ಟ್ ಎಡಿಟಿಂಗ್ ಮೂಲಕ ಕಡತವನ್ನು ಫಾರಂ ತುಂಬುವುದಕ್ಕೆ ಮಾತ್ರ ಸೀಮಿತಗೊಳಿಸುವ ದಾರಿಯೂ ಇದೆ. ಆಗ ಕಂಟ್ರೋಲ್‌ಗಳ ಹೊರಗೆ ಯಾರೂ ಏನನ್ನೂ ಬದಲಿಸಲಾಗದು. ಒಂದೂ ಅಕ್ಷರ ಬದಲಾಗಬಾರದ ನಮೂನೆಗಳಿಗೆ ಇದು ಒಳ್ಳೆಯದು, ಷರತ್ತುಗಳನ್ನು ಸಂದರ್ಭಕ್ಕೆ ತಕ್ಕಂತೆ ತಿದ್ದಬೇಕಾದ ಪತ್ರಕ್ಕೆ ಉಸಿರುಗಟ್ಟಿಸುತ್ತದೆ. ಅದರ ಪಾಸ್‌ವರ್ಡನ್ನು ಭದ್ರತೆಯೆಂದು ತಿಳಿಯಬೇಡಿ; ಅದು ಕಡತವನ್ನು ಎನ್‌ಕ್ರಿಪ್ಟ್ ಮಾಡುವುದಿಲ್ಲ. ಇನ್ನು, ಅಭ್ಯರ್ಥಿಗಳ ವಿವರ ಈಗಾಗಲೇ ಎಕ್ಸೆಲ್ ಪಟ್ಟಿಯಲ್ಲಿದ್ದು ಒಂದೇ ಬಾರಿಗೆ ಹಲವು ಪತ್ರಗಳು ಹೋಗುವುದಾದರೆ ಯಾರನ್ನೂ ಏನನ್ನೂ ಕೇಳದೆ ಮೇಲ್ ಮರ್ಜ್ ಮಾಡಿ, ಅಂದರೆ ಪಟ್ಟಿಯ ಪ್ರತಿ ಸಾಲಿಗೆ ಒಂದು ಪತ್ರ ವರ್ಡ್ ತಾನೇ ತುಂಬಿಕೊಡುವಂತೆ ಮಾಡಿ. ಪಟ್ಟಿಯಲ್ಲಿ ಖಾಲಿ ಬಿಟ್ಟ ಕೋಶ ಪತ್ರದಲ್ಲಿಯೂ ಸದ್ದಿಲ್ಲದೆ ಖಾಲಿಯಾಗುತ್ತದೆ ಎಂಬುದನ್ನು ಮಾತ್ರ ಗಮನದಲ್ಲಿಟ್ಟು, ಪಟ್ಟಿಯನ್ನು ಮೊದಲೇ ಪರಿಶೀಲಿಸಿ.

ಟೆಂಪ್ಲೇಟ್ ಎಷ್ಟೇ ಚೆನ್ನಾಗಿದ್ದರೂ ಜನ ಹಳೆಯ ಪತ್ರವನ್ನೇ ನಕಲು ಮಾಡುತ್ತಿದ್ದರೆ ಪ್ರಯೋಜನವಿಲ್ಲ. ತುಂಬಿದ ಕಂಟ್ರೋಲ್ ತನ್ನ ಉತ್ತರವನ್ನು ನಕಲಿನಲ್ಲೂ ಉಳಿಸಿಕೊಳ್ಳುತ್ತದೆ, ಕೆಂಪು ಸೂಚನೆ ಮರಳಿ ಬರುವುದಿಲ್ಲ. ಇದಕ್ಕೆ ಮದ್ದು ತಂತ್ರಾಂಶದಲ್ಲಿಲ್ಲ: ವರ್ಡ್‌ನಲ್ಲಿ ಹೊಸ ಕಡತ ಆರಂಭಿಸುವಾಗಲೇ ಟೆಂಪ್ಲೇಟ್ ಕಾಣಿಸುವಂತೆ ಎಲ್ಲರ ಕಂಪ್ಯೂಟರಿನಲ್ಲೂ ಟೆಂಪ್ಲೇಟ್ ಫೋಲ್ಡರನ್ನು ಹೊಂದಿಸಿ, ಕಳುಹಿಸಿಯಾದ ಪತ್ರಗಳನ್ನು ಪಿಡಿಎಫ್ ರೂಪದಲ್ಲಿ ಮಾತ್ರ ಹಂಚಿಕೆಯ ಫೋಲ್ಡರಿನಲ್ಲಿ ಇಡಿ. ನಕಲು ಮಾಡಲು ವರ್ಡ್ ಕಡತ ಸುಲಭವಾಗಿ ಸಿಗದಿದ್ದರೆ ಟೆಂಪ್ಲೇಟಿನ ಕಡೆಗೇ ಕೈ ಹೋಗುತ್ತದೆ.

ಕೊನೆಯದಾಗಿ ನಿಮ್ಮ ಹಳೆಯ ಕಡತಗಳ ಪ್ರಶ್ನೆ. ಟೆಂಪ್ಲೇಟನ್ನು ತಿದ್ದಿದರೆ ಅದರಿಂದ ಮೊದಲೇ ಹುಟ್ಟಿದ ಪತ್ರಗಳು ಬದಲಾಗುವುದಿಲ್ಲ, ಏಕೆಂದರೆ ಪಠ್ಯ ಮತ್ತು ಫೀಲ್ಡ್‌ಗಳು ಹುಟ್ಟಿನ ಸಮಯದಲ್ಲಿ ಒಮ್ಮೆ ಮಾತ್ರ ನಕಲಾಗುತ್ತವೆ. ಹೊಸ ಟೆಂಪ್ಲೇಟನ್ನು ಹಳೆಯ ಕಡತಕ್ಕೆ ಲಗತ್ತಿಸಿದರೂ ಸಿಗುವುದು ಅದರ ಸ್ಟೈಲ್‌ಗಳು ಮತ್ತು ಮ್ಯಾಕ್ರೋಗಳೇ ಹೊರತು ಕಂಟ್ರೋಲ್‌ಗಳಲ್ಲ. ಕಳುಹಿಸಿ ಮುಗಿದ ಪತ್ರಗಳನ್ನು ಹಾಗೆಯೇ ಬಿಡಿ. ಇನ್ನೂ ಕರಡಿನಲ್ಲಿರುವವನ್ನು ಹೊಸ ಟೆಂಪ್ಲೇಟಿನಿಂದ ಮತ್ತೆ ಆರಂಭಿಸುವುದು, ಹಳೆಯದರೊಳಗೆ ಕಂಟ್ರೋಲ್‌ಗಳನ್ನು ಸೇರಿಸುವುದಕ್ಕಿಂತ ಬೇಗ ಮುಗಿಯುತ್ತದೆ. ಕಡತವನ್ನು ವರ್ಡ್ 97-2003ರ ಹಳೆಯ ಡಾಕ್ ರೂಪದಲ್ಲಿ ಉಳಿಸುವ ಅಭ್ಯಾಸ ಯಾರಿಗಾದರೂ ಉಳಿದಿದ್ದರೆ ಅದನ್ನು ನಿಲ್ಲಿಸಲು ಹೇಳಿ; ಹಾಗೆ ಉಳಿಸಿದೊಡನೆ ಕಂಟೆಂಟ್ ಕಂಟ್ರೋಲ್‌ಗಳೆಲ್ಲ ಬರಿಯ ಪಠ್ಯವಾಗಿಬಿಡುತ್ತವೆ.